ಪವಿತ್ರ ಗುರುವಾರದ ಬಿಸಿನೀರು

ಬಿಟಿಎಂ ಲೇಔಟ್, ಎರಡನೇ ಹಂತ
ಶನಿವಾರ, ಮೇ 10, 2025

ಪ್ರೀತಿಯ ತಮ್ಮ ಇನ್ನಾಸಿಗೆ,

ನಿನ್ನ ವಿಸಿಟಿಂಗ್ ಕಾರ್ಡಿನಲ್ಲಿ ಇಗ್ನೇಷಿಯಸ್ ಎಂದಿರುವುದು ನನಗೆ ಗೊತ್ತು. ಆದರೆ ಬೇಗೂರಿನ ಚರ್ಚಿನಲ್ಲಿ ಸ್ವಾಮಿಗಳು ನಿನ್ನ ತಲೆಗೆ ನೀರು ಹುಯ್ದು ಇಟ್ಟ ಹೆಸರು ಇನ್ನಾಸಪ್ಪ. ಕಾಗದ ಬರೆಯುವಷ್ಟು ಸಲಿಗೆ ನನಗಿರುವುದು ಆ ಇನ್ನಾಸಪ್ಪನ ಜೊತೆ ಮಾತ್ರ. ನೀನು ಕ್ಷೇಮವೆಂದು ನಿನ್ನ ಪೋಸ್ಟುಗಳಿಂದ ತಿಳಿಯಿತು. ಇಲ್ಲಿ ನಾನು ಕ್ಷೇಮ. ಅಮ್ಮನ ವಿಷಯಕ್ಕೆ ಬರುತ್ತೇನೆ.

ನಿನ್ನೆ ನೀನು ಮೆಸೇಜು ಹಾಕಿದ್ದೆ. ಭಾನುವಾರ ತಾಯಂದಿರ ದಿನವಂತೆ, ಅಮ್ಮನ ಆಪರೇಷನ್ ಬಗ್ಗೆ ಜನರ ಪ್ರಾರ್ಥನೆ ಕೇಳಬೇಕಂತೆ, ಹೃದಯ ಮುಟ್ಟುವ ಹಾಗೆ ನಾಲ್ಕು ಸಾಲು ಬೇಕಂತೆ. 'ಪ್ರಾಸ ಇರಲಿ ಅಕ್ಕಾ, ಸ್ವಲ್ಪ ಹಂಬಲ್ ಆಗಿರಲಿ' ಎಂದಿದ್ದೆ. ಜಯನಗರದ ಪ್ರೆಸ್ಸಿನಲ್ಲಿ ಕುಳಿತು ಲಗ್ನಪತ್ರಿಕೆಗೆ ಪದ್ಯ ಜೋಡಿಸುವವಳು ನಾನು. ಕೇಳಿದವರಿಗೆ ಕೇಳಿದ ಅಳತೆಯಲ್ಲಿ ಸಂಭ್ರಮ ಕೊಡುತ್ತೇನೆ. ವಿನಯವನ್ನು ಅಳತೆ ಕೊಟ್ಟು ಹೊಲಿಸಲು ಬಂದ ಮೊದಲ ಗಿರಾಕಿ ನೀನು. ನಾಲ್ಕು ಸಾಲು ಬರೆದಿದ್ದೇನೆ, ಕೊನೆಯಲ್ಲಿ ಇದೆ. ಅದಕ್ಕೆ ಮೊದಲು ಇಷ್ಟನ್ನು ಓದಬೇಕು. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬಿದ್ದು ಮುಗಿಯುತ್ತದೆ, ಅದಕ್ಕೇ ಕಾಗದ. ಕೈಬರಹದ ಪತ್ರದ ಫೋಟೊಗೂ ಈಗ ಒಳ್ಳೆಯ ಬೆಲೆಯೆಂದು ಕೇಳಿದ್ದೇನೆ, ಆದ್ದರಿಂದ ಅಕ್ಷರವನ್ನು ಬೇಕೆಂದೇ ಕೆಡಿಸಿದ್ದೇನೆ.

ಬುಧವಾರ ಬೆಳಿಗ್ಗೆ ಅಮ್ಮನ ಎಡಗಾಲನ್ನು ಮಂಡಿಯ ಕೆಳಗೆ ತೆಗೆಯುತ್ತಾರೆ. ಅಷ್ಟರೊಳಗೆ ನೀನು ಆ ವಿಡಿಯೊವನ್ನು ನಿನ್ನ ಪೇಜಿನಿಂದ ತೆಗೆ. ನನಗೆ ಬೇಕಾಗಿರುವುದು ಇಷ್ಟೇ. ಯಾವ ವಿಡಿಯೊ ಎಂದು ಕೇಳಬೇಡ, ಲಕ್ಷಾಂತರ ಜನ ನೋಡಿ ಅತ್ತದ್ದು ಒಂದೇ ಇದೆ. 'ಅಮ್ಮನ ಪಾದದಡಿಯಲ್ಲಿ ಒಬ್ಬ ಪಾಪಿ'.

ಹೋದ ತಿಂಗಳ ಆ ಪವಿತ್ರ ಗುರುವಾರ ನಾನು ಪ್ರೆಸ್ಸಿನಲ್ಲಿದ್ದೆ. ಸಂಜೆ ಚರ್ಚಿನಲ್ಲಿ, ಪ್ರಭು ಶಿಷ್ಯರ ಪಾದ ತೊಳೆದ ನೆನಪಿಗೆ, ಸ್ವಾಮಿಗಳು ಹನ್ನೆರಡು ಜನರ ಪಾದ ತೊಳೆಯುವ ಹೊತ್ತಿಗೆ ಅಮ್ಮನನ್ನು ಕರೆದೊಯ್ಯಬೇಕೆಂದು ಬೇಗ ಬಂದೆ. ಅವಳು ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಳು. 'ಇನ್ನಾಸಿ ಬಂದಿದ್ದ ಕಣೇ. ಬಿಳೀ ಜುಬ್ಬ ಹಾಕ್ಕೊಂಡು ಬಂದು ನನ್ನ ಕಾಲು ತೊಳ್ದ. ಕ್ಯಾಮೆರಾದವ್ನೂ ಬಂದಿದ್ದ, ಪಾಪ, ಅವನಿಗೆ ಟೀ ಕೊಡೋಕೂ ಆಗ್ಲಿಲ್ಲ' ಎಂದಳು. ಚರ್ಚಿಗೆ ಹೊರಡಮ್ಮ ಎಂದರೆ, ತನ್ನದು ಮನೆಯಲ್ಲೇ ಆಯಿತಲ್ಲ ಎಂದಳು. ನಾನು ಸಂತೋಷಪಟ್ಟೆ. ನೀನು ನಂಬಲಾರೆ, ನಿಜವಾಗಿಯೂ ಪಟ್ಟೆ. ಯುಗಾದಿ, ಕ್ರಿಸ್ಮಸ್ಸು ಯಾವುದಕ್ಕೂ ಜೆ.ಪಿ. ನಗರದಿಂದ ಬಿಟಿಎಂಗೆ ಬರಲು ಟ್ರಾಫಿಕ್ ಬಿಡದವನು ಅಂದು ಹೇಗೋ ಬಂದಿದ್ದೆಯಲ್ಲ.

ಮರುದಿನ ನಿನ್ನ ವಿಡಿಯೊ ನೋಡಿದೆ. ಆಫೀಸುಗಳಿಗೆ ಹೋಗಿ 'ಬಾಗಿದವನೇ ನಾಯಕ' ಎಂದು ಪಾಠ ಹೇಳುವವನಿಗೆ ತಕ್ಕ ಹಾಗೆ ಬಾಗಿದ್ದೆ. ನೋಡುತ್ತ ನೋಡುತ್ತ ನನ್ನ ಕೆಟ್ಟ ನಾಲಿಗೆಗೆ ಎರಡು ಸಾಲು ಬಂದವು:

ಬಾಗಿತು ಬೆನ್ನು, ಬಾಗಿತು ಕತ್ತು,
ಕ್ಯಾಮೆರಾ ಇದ್ದ ಕಡೆ ಮುಖವಿತ್ತು.

ಆಗ ಇದು ತಮಾಷೆಯಾಗಿಯೇ ಇತ್ತು.

ಅಮ್ಮನ ಪಾದಗಳಿಗೆ ಬಿಸಿ, ತಣ್ಣಗೆ, ನೋವು ಯಾವುದೂ ತಿಳಿಯದೆ ಎಷ್ಟೋ ವರ್ಷವಾಯಿತು. ಸಕ್ಕರೆ ಕಾಯಿಲೆ ಮೊದಲು ಕಾಲಿನ ಅರಿವನ್ನು ತಿನ್ನುತ್ತದೆ, ಆಮೇಲೆ ಕಾಲನ್ನು. ರಸ್ತೆಯಲ್ಲಿ ಒಂದು ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು, ಇನ್ನೊಂದು ಚಪ್ಪಲಿ ಎಲ್ಲಿ ಎಂದು ನನ್ನನ್ನೇ ಗದರಿದವಳು ಅವಳು. ದಿನಾ ಸಂಜೆ ನಾನು ಬಕೆಟ್ಟಿನಲ್ಲಿ ಮೊಣಕೈ ಅದ್ದಿ ನೋಡಿ, ಹಸುಗೂಸಿಗೆ ಮಾಡುವ ಹಾಗೆ, ಆಮೇಲೆ ಅವಳ ಕಾಲು ಇಳಿಸುತ್ತೇನೆ. ತೊಳೆದು, ಬೆರಳ ಸಂದು ಒರೆಸಿ, ಅಂಗಾಲಿಗೆ ಟಾರ್ಚು ಹಿಡಿದು ನೋಡುತ್ತೇನೆ. ಇದರ ಚಿತ್ರವನ್ನು ಯಾರೂ ತೆಗೆದಿಲ್ಲ. ಈಗ ನಿನಗೆ ಬರೆದು ತಿಳಿಸುತ್ತಿದ್ದೇನಲ್ಲ, ಇದೇ ನನ್ನ ಪೋಸ್ಟು ಎಂದುಕೋ.

ಆ ಗುರುವಾರ ಸಂಜೆ ಬಕೆಟ್ ತಂದರೆ ಅಮ್ಮ ಕಾಲು ಕೊಡಲಿಲ್ಲ. 'ಬೇಡ ಕಣೇ, ಇನ್ನಾಸಿ ತೊಳ್ದವ್ನೆ' ಎಂದಳು. ಶುಕ್ರವಾರವೂ ಅದೇ, ಶನಿವಾರವೂ ಅದೇ. ಮಗ ತೊಳೆದ ಕಾಲನ್ನು ಮಗಳು ಮತ್ತೆ ತೊಳೆದರೆ ಆ ಪುಣ್ಯ ಹರಿದು ಮೋರಿಗೆ ಹೋಗುತ್ತದೆ ಎನ್ನುವ ಹಾಗೆ ಕಾಲುಚೀಲ ಹಾಕಿಕೊಂಡು ಕೂತಳು. ಶುಭ ಶುಕ್ರವಾರ ಚರ್ಚಿನ ಅಂಗಳದಲ್ಲಿ ಆ ಚೀಲವನ್ನೂ ಸದ್ದಿಲ್ಲದೆ ಬಿಚ್ಚಿ, ಹಳೆಯ ಪದ್ಧತಿಯಂತೆ ಬರಿಗಾಲಲ್ಲಿ ಶಿಲುಬೆ ಹಾದಿ ನಡೆದಳು. ಈಸ್ಟರ್ ಹಬ್ಬ ಕಳೆದ ಮೂರನೆಯ ದಿನ ಕೋಣೆಯಲ್ಲಿ ವಾಸನೆ ಬಂತು. ಇಲಿ ಸತ್ತಿದೆಯೆಂದು ನಾನು ಬೀರುವಿನ ಹಿಂದೆಲ್ಲ ಹುಡುಕಿದೆ. ಅಮ್ಮ ಕೂತಲ್ಲೇ ನನಗೆ ಜಾಗ ತೋರಿಸುತ್ತಿದ್ದಳು, ಆ ಮೂಲೆ ನೋಡು, ಈ ಮೂಲೆ ನೋಡು ಎಂದು. ವಾಸನೆ ಎಲ್ಲಿಂದ ಬರುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಶಾಂತಲಾ ಅವರಿಗೆ ಹೊಸ ಚಪ್ಪಲಿ ಕಚ್ಚಿದ್ದೆಂದು ಹೇಳಿದಳು. ಅವರು ಕಾಲನ್ನು ತಿರುಗಿಸಿ ನೋಡಿ, 'ಅಜ್ಜಿ, ಚಪ್ಪಲಿ ಹೀಗೆ ಕಚ್ಚಲ್ಲ. ಇದು ಬಿಸಿನೀರು' ಎಂದರು. ಆಗ ಅಮ್ಮ ಒಂದು ಕ್ಷಣವೂ ತಡವರಿಸದೆ, ತಾನೇ ಸ್ನಾನಕ್ಕೆ ಹುಯ್ದುಕೊಳ್ಳುವಾಗ ಚೆಲ್ಲಿಕೊಂಡೆ ಎಂದಳು. ವಾರಕ್ಕೊಮ್ಮೆ ಪಾಪನಿವೇದನೆಗೆ ಸಾಲಿನಲ್ಲಿ ನಿಂತು, ಹೇಳಲು ಪಾಪವೇ ಸಿಗದೆ ಬೆಕ್ಕಿಗೆ ಬೈದದ್ದನ್ನು ಹೇಳಿ ಬರುತ್ತಿದ್ದ ಹೆಂಗಸು. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳೆಂದರೆ ಡಾಕ್ಟರು ತಿರುಗಿ ನನ್ನನ್ನು ನೋಡಿದರು. ನೋಡಿಕೊಳ್ಳುವವರು ನೀವೇ ಅಲ್ಲವೇ ಎಂದರು. ಹೌದೆಂದೆ. ಆ ನೋಟವನ್ನು ಮನೆಗೆ ಹೊತ್ತು ತಂದೆ, ಇನ್ನೂ ಇಳಿಸಿಲ್ಲ.

ಮೊದಲು ಎಡಗಾಲಿನ ಬೆರಳುಗಳನ್ನಷ್ಟೇ ತೆಗೆದರು, ಆಗ ನೀನು ಬಂದೆ. ಹೂವು ತಂದೆ, ಹಾಸಿಗೆಯ ಪಕ್ಕ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ, ಕಣ್ಣು ಬಿಟ್ಟು ಅದು ಸರಿಯಾಗಿ ರೆಕಾರ್ಡ್ ಆಯಿತೇ ಎಂದು ನೋಡಿದೆ, ಪುಣೆಯ ವಿಮಾನಕ್ಕೆ ಹೊತ್ತಾಯಿತೆಂದು ಹೊರಟೆ. 'ಶುಗರ್ ಬಹಳ ಕ್ರೂರಿ ಅಕ್ಕಾ' ಎಂದು ಲಿಫ್ಟಿನ ಬಳಿ ನನ್ನ ಹೆಗಲು ತಟ್ಟಿದೆ. ನಾನೂ ಹೌದೆಂದೆ. ಆಗ ನನಗೂ ಗೊತ್ತಿರಲಿಲ್ಲ.

ನನಗೆ ಹೇಳಿದವನು ಮೌನೇಶ. ನಿನ್ನ ಕ್ಯಾಮೆರಾದವನು, ಇಲ್ಲೇ ನಮ್ಮ ಹಿಂದಿನ ಬೀದಿಯ ಪೀಜಿಯಲ್ಲಿರುವವನು. ಹೋದ ವಾರ ಬಾಳೆಹಣ್ಣು ಹಿಡಿದುಕೊಂಡು ವಾರ್ಡಿಗೆ ಬಂದ. ಅಮ್ಮನ ಕಾಲಿನ ಕಟ್ಟು ನೋಡಿದವನೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಹೋಗಿ ಏನಾಯಿತಪ್ಪ ಎಂದೆ. 'ಅಕ್ಕಾರ, ಹಬೆ ಕಾಣವಲ್ದು ಅಂತ ಅಂದಾಂವ ನಾನರೀ. ಬೆಳಕಿಗೆ ಹಬೆ ಬಂದ್ರ ಚಂದ ಕಾಣ್ತದ ಅಂದೆ. ಸರ್ ಕೆಟ್ಲಿ ಹಚ್ಚಿ ಕುದಿಸಿ ತಂದ್ರು. ಅಮ್ಮಾರಿಗೆ ಬಿಸಿ ಆಗ್ತದೇನ್ರಿ ಅಂತ ಕೇಳಿದ್ವಿ. ಹಿತವಾಗೈತೆ ಕಣಪ್ಪ, ಹುಯ್ಯಿ ಅಂದ್ರು' ಎಂದ. ಒಂದು ಸಲ ಸರಿಬರಲಿಲ್ಲವೆಂದು ಮತ್ತೆ ಕುದಿಸಿದಿರಂತೆ. ಅವನು ಮೂಗು ಒರೆಸಿಕೊಂಡು, ಸರ್‌ಗೆ ನಾನು ಹೇಳಿದೆ ಅನಬೇಡರೀ ಎಂದ. ಅನ್ನುತ್ತಿದ್ದೇನೆ. ಅವನನ್ನು ಕೆಲಸದಿಂದ ತೆಗೆಯುವುದಿದ್ದರೆ ತೆಗೆ, ಆದರೆ ಆ ಮನೆಯೊಳಗೆ ಅಂದು ಕಾಲಿಟ್ಟವರಲ್ಲಿ ಅತ್ತವನು ಅವನೊಬ್ಬನೇ.

ರಾತ್ರಿ ಕೂತು ವಿಡಿಯೊವನ್ನು ಮತ್ತೆ ನೋಡಿದೆ, ಈ ಸಲ ನಿನ್ನ ಮುಖ ಬಿಟ್ಟು. ಇನ್ನಾಸಿ, ನೀನು ಹಿತ್ತಾಳೆಯ ತಂಬಿಗೆಯಿಂದ ಮೇಲಿನಿಂದ ಹುಯ್ಯುತ್ತೀಯ. ಟರ್ಕಿ ಟವೆಲಿನಿಂದ ಒತ್ತುತ್ತೀಯ. ಮುತ್ತಿಡಲು ಬಾಗುತ್ತೀಯ, ನಿನ್ನ ತುಟಿಗೂ ಅವಳ ಕಾಲಿಗೂ ನಡುವೆ ಒಂದು ಬೈಬಲ್ ಇಡುವಷ್ಟು ಜಾಗವಿರುತ್ತದೆ. ಮೊದಲಿಂದ ಕೊನೆಯವರೆಗೆ ಒಂದು ಬೆರಳನ್ನೂ ನೀನು ಆ ನೀರಿಗೆ ಹಾಕಿಲ್ಲ. ಒಂದು ಕಿರುಬೆರಳು ಸಾಕಿತ್ತು. ಅಯ್ಯೋ ಸುಡುತ್ತದೆ ಎಂದು ನೀನು ಕಿರುಚುತ್ತಿದ್ದೆ, ಅಮ್ಮನ ಕಾಲು ಉಳಿಯುತ್ತಿತ್ತು. ಪಾದ ತೊಳೆಯಲು ಬಂದವನ ಕೈ ಒದ್ದೆಯಾಗದೆ ಹೋದದ್ದು ಹೇಗೆಂದು ಬಹಳ ಯೋಚಿಸಿದೆ. ಆಮೇಲೆ ನಿನ್ನ ಮಣಿಕಟ್ಟಿನ ಗಡಿಯಾರ ಕಾಣಿಸಿತು.

ನಾವು ಬೆಳೆದ ಮನೆಯಲ್ಲಿ ವಿನಯ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದಾಗಿತ್ತು. ಚರ್ಚಿನ ಪೀಠಕ್ಕೆ ಹಾಸುವ ಬಟ್ಟೆಗೆ ಅಮ್ಮ ವರ್ಷಗಟ್ಟಲೆ ಕಸೂತಿ ಹಾಕಿದಳು. ಯಾರದಮ್ಮ ಈ ಕೆಲಸ ಎಂದು ಹೊಸ ಸ್ವಾಮಿಗಳು ಕೇಳಿದಾಗ, ಯಾರೋ ಪುಣ್ಯಾತ್ಮರದು ಎಂದು ಬೆಂಚಿನ ತುದಿಗೆ ಸರಿದಳು. ಪಕ್ಕದ ಬೆಂಚಿನವರು ತಾವು ಕೊಟ್ಟ ಫ್ಯಾನಿನ ಮೂರು ರೆಕ್ಕೆಗೂ ಹೆಸರು ಬರೆಸಿ, ತಿರುಗಿದರೆ ಓದಲಾಗುವುದಿಲ್ಲವೆಂದು ಸೆಕೆಯಲ್ಲೂ ಸ್ವಿಚ್ಚು ಹಾಕಲು ಬಿಡುತ್ತಿರಲಿಲ್ಲ. ನಾವಿಬ್ಬರೂ ಅವರನ್ನು ನೋಡಿ ನಗುತ್ತಿದ್ದೆವು. ಈಗ ಅನ್ನಿಸುತ್ತದೆ, ಅವರಿಂದ ಯಾರ ಕಾಲೂ ಹೋಗಲಿಲ್ಲ. ಬಾಯಿ ಮುಚ್ಚಿಕೊಂಡ ಅಮ್ಮನ ವಿನಯವೂ ಬಾಯಿ ಬಿಟ್ಟ ನಿನ್ನ ವಿನಯವೂ ಒಂದು ಗುರುವಾರ ಎದುರುಬದುರು ಕೂತವು, ಅಷ್ಟೇ.

ನಿನಗೆ ಹೇಳುವುದಿಲ್ಲವೆಂದು ಅಮ್ಮ ನನ್ನಿಂದ ಶಿಲುಬೆ ಮುಟ್ಟಿಸಿಕೊಂಡಿದ್ದಾಳೆ. ಮೌನೇಶ ಬಂದು ಹೋದ ಸಂಜೆಯೇ. 'ಅವನ ಮನಸ್ಸು ಬಲು ಮೆತ್ತಗೆ ಕಣೇ, ತಡ್ಕೊಳಲ್ಲ' ಎಂದಳು. ನಾನು ಮುಟ್ಟಿ ಆಣೆ ಮಾಡಿದೆ. ಈಗ ಮುರಿಯುತ್ತಿದ್ದೇನೆ. ಪಶ್ಚಾತ್ತಾಪ ಹುಟ್ಟಿದರೆ ಪಾಪನಿವೇದನೆಗೆ ಹೋಗುತ್ತೇನೆ. ಸದ್ಯಕ್ಕೆ ಅದರ ಲಕ್ಷಣವಿಲ್ಲ. ನಿನ್ನ ಮೆತ್ತಗಿನ ಮನಸ್ಸಿಗೆ ಇದು ಎಲ್ಲಿ ತಾಗುತ್ತದೆಯೆಂದು ಲೆಕ್ಕ ಹಾಕಿಯೇ ಒಂದೊಂದು ಸಾಲನ್ನೂ ಬರೆದಿದ್ದೇನೆ. ನೀರಿನ ಬಿಸಿಯನ್ನು ಮಾತ್ರ ಮೊಣಕೈ ಅದ್ದಿ ನೋಡಿಲ್ಲ.

ನೀನು ಕೇಳಿದ ನಾಲ್ಕು ಸಾಲು:

ತೊಳೆದನು ಮಗನು ತಾಯಿಯ ಕಾಲು,
ತೊಯ್ಯದೆ ಉಳಿಯಿತು ಕೈಬೆರಳು.
ಲಕ್ಷದ ಜನರು ಅತ್ತರು ಜೋರು,
ಕಾಲಿನ ಮೇಲೆ ಕುದಿಯುವ ನೀರು.

ಇದನ್ನು ಹಾಕುವ ಧೈರ್ಯವಿದ್ದರೆ ಹಾಕು, ನಿನ್ನ ವಿನಯವನ್ನು ನಾನೂ ಒಪ್ಪುತ್ತೇನೆ. ಇಲ್ಲವಾದರೆ ವಿಡಿಯೊ ತೆಗೆ. ಬುಧವಾರ ಅವರು ಕಾಲು ತೆಗೆಯುವ ಮೊದಲು ತೆಗೆ. ಸಹಿ ಹಾಕಲು ನಾನಿದ್ದೇನೆ, ನೀನು ಬರಲೇಬೇಕೆಂದೇನೂ ಇಲ್ಲ. ಕಾಗದವನ್ನು ನಿನ್ನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೊಟ್ಟು ಬರುತ್ತೇನೆ. ಮೇಲೆ ಬರಲು ಸೆಕ್ಯುರಿಟಿಯವರು ನಿನ್ನ ಒಪ್ಪಿಗೆ ಕೇಳುತ್ತಾರೆ, ನನಗೆ ಅದಕ್ಕೆ ವ್ಯವಧಾನವಿಲ್ಲ.

ಇಂತು, ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ,
ನಿನ್ನ ಅಕ್ಕ
ಜಪಮಾಲೆ

ಮರೆತ ಮಾತು: ಕಾಗದ ಮಡಚಿಕೊಂಡು ಮೊದಲು ಆಸ್ಪತ್ರೆಗೆ ಹೋದೆ. ಅಮ್ಮ ಎಂದಿನಂತೆ ನನ್ನ ಫೋನು ಕೇಳಿದಳು. ಆ ವಿಡಿಯೊವನ್ನು ಅವಳು ದಿನಾ ನೋಡುತ್ತಾಳೆ. ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ಅದರದ್ದೂ ಒಂದು ವಿಡಿಯೊ ಆಗುತ್ತಿತ್ತು. ಟವೆಲು ಹಿಡಿದು ನೀನು ಬಾಗಿದಾಗ ಅವಳು ನಿನ್ನ ನೆತ್ತಿಯ ಮೇಲೆ ಕೈಯಿಡುತ್ತಾಳಲ್ಲ, ಅಲ್ಲಿ ನಿಲ್ಲಿಸಿ, ಗಾಜಿನ ಮೇಲೆ ಹೆಬ್ಬೆರಳು ಆಡಿಸುತ್ತಾಳೆ. ಇವತ್ತು ತಡೆಯಲಾರದೆ ಕೇಳಿದೆ, ಅಷ್ಟು ಹಬೆ ಏಳುತ್ತಿದ್ದದ್ದು ನಿನಗೆ ಕಾಣಲಿಲ್ಲವೇನಮ್ಮ ಎಂದು. 'ಕಾಣ್ದೆ ಏನು. ಸತ್ತಿರೋದು ಕಾಲು, ಕಣ್ಣಲ್ಲ' ಎಂದಳು. ಮತ್ತೇಕೆ ಹೇಳಲಿಲ್ಲ ಎಂದೆ. 'ಬಿಸಿ ಅಂದಿದ್ರೆ ಎದ್ಬುಡೋನು. ನೀನು ದಿನಾ ಇರ್ತೀಯ ಕಣೇ, ಅವನು ಯಾವಾಗ ಕೈಗೆ ಸಿಗ್ತಾನೆ' ಎಂದಳು. ಆದ್ದರಿಂದ ಮೇಲೆ ಕೇಳಿದ್ದನ್ನು ಹೊಡೆದುಹಾಕಿದ್ದೇನೆ ಎಂದು ತಿಳಿ. ವಿಡಿಯೊ ತೆಗೆಯಬೇಡ. ಬುಧವಾರ ಮಂಪರು ಇಳಿದ ಕೂಡಲೇ ಅವಳು ಅದನ್ನು ಕೇಳುತ್ತಾಳೆ.