ಜಾಲರಿಗೆ ಇಟ್ಟ ಕುಂಕುಮ

29 ಸೆಪ್ಟೆಂಬರ್ 2025, ಸೋಮವಾರ
ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ನಮ್ಮ ಟಿಶ್ಯೂ ಕಲ್ಚರ್ ಲ್ಯಾಬ್ ಯುಪಿಎಸ್ ಮೇಲೆ. ಕಮರ ಮರದ ಚಿಗುರಿಟ್ಟ ಬಾಟಲಿ ಎಣಿಸಿದೆ — ನಲವತ್ತೊಂದು. ಬಯಲುಸೀಮೆಯ ಗುಡ್ಡದಲ್ಲಿದ್ದ ತಾಯಿಮರವನ್ನು ಹೋದ ವರ್ಷ ರಸ್ತೆಗೆಂದು ಕಡಿದರು. ಉಳಿದಿರುವುದು ಈ ಗಾಜಿನೊಳಗಿನ ಚಿಗುರು ಮಾತ್ರ. ಮೂರು ವರ್ಷವಾಯಿತು, ಒಂದೂ ಬೇರು ಬಿಟ್ಟಿಲ್ಲ. ಹಟಮಾರಿ ಮುಂಡೇವು.

1 ಅಕ್ಟೋಬರ್
ಆಯುಧಪೂಜೆ. ಲ್ಯಾಬ್ ನಡೆಸುವ ಉದಯಕುಮಾರ್ ಸಾರ್ ಬೂದುಗುಂಬಳ ಒಡೆದರು. ಮಿಕ್ಕ ಪೂಜೆ ನನ್ನದು. ಚಿಗುರು ಕತ್ತರಿಸುವ ಲ್ಯಾಮಿನಾರ್ ಪೆಟ್ಟಿಗೆಯ ಗಾಳಿಗೆ ಆರತಿ ನಿಲ್ಲಲಿಲ್ಲ. ಬ್ಲೋಯರ್ ಆಫ್ ಮಾಡಿದೆ. ಶುದ್ಧಗಾಳಿ ಬರುವ ಜಾಲರಿಗೇ ಅರಿಶಿನ, ಕುಂಕುಮ ಇಟ್ಟೆ. ಬಾಟಲಿ ತೊಳೆಯುವ ಮುನಿತಾಯಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದರು.
"ಈ ಸಲ ಬೇರ್ ಬರತ್ತೆ ಬಿಡು ಕುಸುಮಾ."
ಕಣ್ಣು ತುಂಬಿತು.

4 ಅಕ್ಟೋಬರ್, ಶನಿವಾರ
ಸ್ಪಿರಿಟ್‌ನಲ್ಲಿ ಎಲ್ಲ ಒರೆಸಿದೆ. ಕುಂಕುಮ ಅಳಿಸಲು ಮನಸ್ಸು ಬರಲಿಲ್ಲ. ಬ್ಲೋಯರ್ ಹಾಕಿ, ಆ ಜಾಲರಿಯ ಮುಂದೆಯೇ ನಲವತ್ತೊಂದನ್ನೂ ಹೊಸ ಬಾಟಲಿಗೆ ಬದಲಿಸಿದೆ. ಸೊಂಟ ಬಿದ್ದುಹೋಯಿತು.

9 ಅಕ್ಟೋಬರ್, ಗುರುವಾರ
ಬೂಷ್ಟು... ಮೂವತ್ತೆಂಟು ಬಾಟಲಿಗೆ.
ಸಾರ್ ಮುನಿತಾಯಮ್ಮನ ಮೇಲೆ ಹರಿಹಾಯ್ದರು. "ಏನ್ ತೊಳೀತೀರಾ ನೀವು?"
"ಹನ್ನೊಂದ್ ವರ್ಷದಿಂದ ಹಿಂಗೇ ತೊಳೀತಾ ಇದೀನಿ ಸಾರ್."
"ನಾಳೆಯಿಂದ ಬರ್ಬೇಡಿ."
ಜಾಲರಿಯಿಂದ ಪುಡಿ ಉದುರಿ ಕೆಳಗೆ ಕೆಂಪಾಗಿತ್ತು. ನೋಡಿದೆ. ಬೂಷ್ಟು ಎಲ್ಲಿಂದ ಬಂತೆಂದು ಅರ್ಥವಾಯಿತು. ಎಲ್ಲರೂ ಊಟಕ್ಕೆ ಹೋದಾಗ ಉಜ್ಜಿ ಉಜ್ಜಿ ಒರೆಸಿದೆ. ಹೇಡಿ ನಾನು.

27 ಅಕ್ಟೋಬರ್, ಸೋಮವಾರ
ಉಳಿದ ಮೂರರಲ್ಲಿ ಎರಡು ಒಣಗಿದವು. ಒಂದರಲ್ಲಿ ಬಿಳಿ ಬೇರು — ಉಗುರಿನಷ್ಟು.
"ನಿನ್ ಕೈಗುಣ ಕಣಮ್ಮ" ಅಂದರು ಸಾರ್. ಎಲ್ಲರಿಗೂ ಕಾಫಿ ತರಿಸಿದರು. ನನ್ನದನ್ನು ಬಾಟಲಿ ತೊಳೆಯುವ ತೊಟ್ಟಿಗೆ ಸುರಿದೆ.
ಸಂಜೆ ಬಾಪೂಜಿ ನಗರಕ್ಕೆ ಹೋದೆ. ಮುನಿತಾಯಮ್ಮ ಬಾಗಿಲು ತೆಗೆದವರೇ ಕೇಳಿದರು, "ಬೇರ್ ಬಂತಾ?"
"ಬಂತು. ಒಂದು."
ಎಷ್ಟು ಖುಷಿಪಟ್ಟರು! ನಾನು ಅಳತೊಡಗಿದೆ.
"ಪೂಜೆ ದಿವ್ಸ ನೀನ್ ಗಾಳಿ ನಿಲ್ಸಿ ಜಾಲರಿಗೆ ಕುಂಕುಮ ಇಟ್ಟಿದ್ದು ನೋಡಿದ್ದೆ ಕಣೇ. ಬೂಷ್ಟು ಬಂದಾಗ್ಲೇ ಅನ್ಕೊಂಡೆ. ಹೇಳಿದ್ರೆ ನಿಂಗೂ ಕೆಲ್ಸ ಹೋಗೋದು. ಬಿಡು."
ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

28 ಅಕ್ಟೋಬರ್, ಬೆಳಿಗ್ಗೆ 9.20
ಸಾರ್ ಇನ್ನೂ ಬಂದಿಲ್ಲ. ಇವತ್ತು ಹೇಳಿಬಿಡುತ್ತೇನೆ. ಎದುರು ನಿಂತರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ.
ಸಾರ್, ಮುನಿತಾಯಮ್ಮನದು ತಪ್ಪಿಲ್ಲ. ಪೂಜೆಯ ದಿನ...
ಗೇಟಿನ ಸದ್ದು. ಸಾರ್ ಸ್ಕೂಟರ್. ಹಿಂದೆ ಯಾರೋ ಹೆಂಗಸು. ಸಾರ್ ಅವಳಿಗೆ ಬಾಟಲಿ ತೊಳೆಯುವ ತೊಟ್ಟಿ ತೋರಿಸುತ್ತಿದ್ದಾರೆ.
ಸಾರ್, ಪೂಜೆಯ ದಿನ ಗಾಳಿ ನಿಲ್ಲಿಸಿದ್ದು