ಇಪ್ಪತ್ತಮೂರು ಅಂಗಿ, ಹದಿನಾಲ್ಕು ಅಂಗಿ

ಸೋಮವಾರ, ಮಧ್ಯಾಹ್ನ
ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಿಂದ

ನನ್ನ ಮುದ್ದಿನ ಹಟಮಾರಿಗೆ,

ನಿನ್ನೆಯಿಂದ ಐದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇದನ್ನಂತೂ ನಡುವೆ ಕಟ್ ಮಾಡಲು ಬರುವುದಿಲ್ಲ.

ಮಷೀನು ತಿರುಗುತ್ತಿದೆ. ಒಳಗಿರುವುದು ನಿನ್ನೆ ನಿಮ್ಮ ತಂಡವನ್ನು ಸೋಲಿಸಿ ಫುಟ್‌ಬಾಲ್ ಕಪ್ ಗೆದ್ದ ನಮ್ಮ ಕ್ಲಬ್ಬಿನ ಹುಡುಗಿಯರ ಅಂಗಿಗಳು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಒಗೆಯುತ್ತಿದ್ದೇನೆ. ಗೆದ್ದ ಮರುದಿನ ಕೆಲಸಕ್ಕೆ ಬರಲು ಮನಸ್ಸಾಗದಿದ್ದುದು ಇದೇ ಮೊದಲು.

ಸೋಲಿಗೆ ನೀನೇ ಕಾರಣ ಎಂದು ಅಳುತ್ತಿದ್ದೀಯಂತೆ, ನಿನ್ನ ರೂಮಿನ ಗೆಳತಿ ಹೇಳಿದಳು. ಸ್ವಲ್ಪ ಕೇಳು. ಪತ್ರಿಕೆಯವರು ವಾರವಿಡೀ ಎರಡು ತಂಡಗಳನ್ನೂ ತೂಗಿ ನೋಡಿದರು. ನನಗೆ ನನ್ನ ಬುಟ್ಟಿಯೇ ಸಾಕು. ಪಂದ್ಯವಾದ ಮೇಲೆ ಅದಕ್ಕೆ ಇಪ್ಪತ್ತಮೂರು ಅಂಗಿ ಬೀಳುತ್ತವೆ. ಎಂಟೊಂಬತ್ತಕ್ಕೆ ಬೆವರಿನ ವಾಸನೆಯೂ ಇರುವುದಿಲ್ಲ, ಬೆಂಚಿನ ಮೇಲೆ ಕೂತೆದ್ದು ಬಂದಂಥವು. ಆದರೆ ಅವನ್ನು ತೊಟ್ಟವರು ಬೇರೆ ಯಾವ ತಂಡದಲ್ಲಿದ್ದರೂ ಮೊದಲ ಹನ್ನೊಂದರಲ್ಲಿ ಆಡುವವರು. ನಿಮ್ಮಲ್ಲಿ ಇರುವುದೇ ಹದಿನಾಲ್ಕು ಜನ. ಹನ್ನೊಂದಕ್ಕೆ ಹನ್ನೊಂದು ಎದುರುಬದುರು ನಿಲ್ಲಿಸಿದರೆ ನಿಮ್ಮವರೇ ಒಂದು ಕೈ ಮೇಲು. ನಿಮ್ಮ ಗೋಲ್‌ಕೀಪರಿನಂಥವಳು ನಮ್ಮಲ್ಲಿಲ್ಲ. ಇಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರೆ ನನ್ನ ಕೆಲಸ ಹೋದೀತು!

ನಿಮ್ಮ ಇಬ್ಬರಿಗೆ ಒಂದೇ ವಾರದಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಅವರ ಜಾಗಕ್ಕೆ ನೀನೂ ಇನ್ನೊಬ್ಬಳೂ ಇಳಿದಿರಿ. ಇಡೀ ಸೀಸನ್ನಿನಲ್ಲಿ ನಲವತ್ತು ನಿಮಿಷ ಆಡಿದ್ದ ನೀನು ಎಂಟು ದಿನದಲ್ಲಿ ಮೂರು ಪಂದ್ಯ ಪೂರ್ತಿ ಆಡಿದೆ. ನಿನ್ನೆ ಅರವತ್ತೈದನೇ ನಿಮಿಷದಲ್ಲಿ ಒಂದು–ಒಂದು ಇದ್ದಾಗ ನಮ್ಮ ಕೋಚಮ್ಮ ಒಟ್ಟಿಗೇ ಮೂವರನ್ನು ಇಳಿಸಿದಳು. ನಿಮ್ಮ ಕೋಚ್ ತಿರುಗಿ ತನ್ನ ಬೆಂಚು ನೋಡಿದ. ಅಲ್ಲಿದ್ದುದು ಎರಡನೇ ಗೋಲ್‌ಕೀಪರ್ ಮತ್ತು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಆ ಇಬ್ಬರು. ಅವನು ಯಾರನ್ನೂ ಇಳಿಸದೆ ಮತ್ತೆ ಮೈದಾನದ ಕಡೆ ತಿರುಗಿದ. ಅವನನ್ನು ನೋಡಿ ಪಾಪ ಅನ್ನಿಸಿತು.

ಎಂಬತ್ತೆಂಟನೇ ನಿಮಿಷದಲ್ಲಿ ನಿನ್ನ ಮೀನಖಂಡ ಹಿಡಿದುಕೊಂಡಿತು. ನೀನು ಕುಸಿದೆ, ನಮ್ಮವಳು ನಿನ್ನನ್ನು ದಾಟಿ ಹೋದಳು, ಗೋಲಾಯಿತು. ಸುತ್ತ ಎಲ್ಲರೂ ಕುಣಿದರು. ನಾನು ಮೈದಾನಕ್ಕೆ ಹೋಗುವ ಬಾಗಿಲ ಹಿಂದೆ ನಿಂತು ಟವೆಲ್ ಮಡಚಿದೆ, ಮಡಚಿದ್ದನ್ನೇ ಮತ್ತೆ ಮಡಚಿದೆ.

ಆಮೇಲೆ ನಮ್ಮ ನಾಯಕಿ ಅಂಗಿ ಕೊಡಲು ತಾನೇ ಬಂದಳು. "ನಿಮ್ಮ ಮಗಳ ಕಾಲು ಸೋಲೋವರೆಗೂ ನಮಗೆ ಆ ಕಡೆಯಿಂದ ದಾರಿನೇ ಸಿಕ್ಕಿರ್ಲಿಲ್ಲ, ಅಮ್ಮ" ಅಂದಳು. ಗೆದ್ದವಳ ಮಾತು ಇದು. ನನ್ನ ಮಾತು ನಂಬದಿದ್ದರೆ ಅವಳ ಮಾತಾದರೂ ನಂಬು.

ಕಾಲಿಗೆ ಬಿಸಿನೀರಿನ ಶಾಖ ಕೊಡು. ಹೊಟ್ಟೆತುಂಬ ಉಣ್ಣು.

ನಿನ್ನ ಬೆನ್ನಿಗಿರುವ,
ಅಮ್ಮ

ತಾ.ಕ.: ಒಂದು ವಿಷಯ ಮುಚ್ಚಿಟ್ಟಿದ್ದೆ. ಸೀಸನ್ನಿನ ನಡುವೆ ಕೋಚಮ್ಮ ನಿನ್ನನ್ನು ಇಲ್ಲಿಗೆ ಕಳಿಸೆಂದು ಕೇಳಿದ್ದಳು. ನನ್ನ ಮಗಳನ್ನು ಆಡಿಸುತ್ತೀರಾ ಎಂದೆ. ಅವಳು ಸುಳ್ಳು ಹೇಳುವವಳಲ್ಲ. "ಇಲ್ಲಿ ಆಡ್ಸೋದು ಕಷ್ಟ. ಅವಳು ಆ ತಂಡದಲ್ಲಿ ಇರಬಾರದು, ಅಷ್ಟೇ" ಅಂದಳು. ನಿನ್ನನ್ನು ಒಂದು ಮಾತೂ ಕೇಳದೆ, ಅವಳು ಬರುವುದಿಲ್ಲ ಅಂದುಬಿಟ್ಟೆ. ಬಂದಿದ್ದರೆ ಇವತ್ತು ನಿನ್ನ ಕೊರಳಲ್ಲೂ ಪದಕ ಇರುತ್ತಿತ್ತು. ಬೈಯುವುದಿದ್ದರೆ ಫೋನ್ ಮಾಡಿ ಬೈ. ಬೇಡ ಅಂದ ದಿನ ಮನೆಗೆ ಹೋಗಿ ನಿನ್ನ ಮಂಚದ ಮೇಲೆ ಬಹಳ ಹೊತ್ತು ಕೂತಿದ್ದೆ.