ಫೈನಲ್ ದಿನ ಕಾಕಾ ಊರಲ್ಲಿರಬಾರದು

ಶಹಾಪುರ

ಕಬಡ್ಡಿ ಅಭಿಮಾನಿ ಬಳಗದ ಹಿರಿಯರೂ ಟಿ.ವಿ.ಯ ಮಾಲೀಕರೂ ಆದ ವಿಶ್ವರಾಧ್ಯ ಕಾಕಾ ಅವರಿಗೆ,

ಮೊನ್ನೆ ನೀವಿಲ್ಲದಾಗ ನಿಮ್ಮದೇ ಸೈಕಲ್ ಅಂಗಡಿಯಲ್ಲಿ ಬಳಗದ ತುರ್ತು ಸಭೆ ನಡೆಯಿತು. ಟಿ.ವಿ.ಯಲ್ಲಿ ಆಡುವ ನಮ್ಮ ಟೀಮು ಈ ಸಲ ಯಾಕೆ ಇಷ್ಟು ಪಂದ್ಯ ಸೋತಿತೆಂದು ಚರ್ಚೆಯಾಯಿತು.

“ಎಡ ಕಾರ್ನರಿನವಗ ಮೈಯಾಗ ಕಸುವಿಲ್ಲ, ರೈಡರ್ ಅವನ್ನೂ ಎಳಕೊಂಡ ಹೋಗ್ತಾನ” ಎಂದ ಮರಿಲಿಂಗ.

“ಅವನ್ನ ತಗದ್ರ ಬೆಂಚಿನ್ಯಾಗ ಯಾರದಾರ? ಎಲ್ಲಾರೂ ನೀರು ಕೊಡಾವ್ರ” ಎಂದಳು ಸುನಿತಾ.

ಕೊನೆಗೆ ಅಂಬ್ರಪ್ಪ ಎದ್ದ. “ಡಿಫೆನ್ಸ್ ಸುದ್ದಿ ಬಿಡ್ರಿ. ಸೋತಾಗೆಲ್ಲ ಕಾಕಾ ನೋಡಾಕತ್ತಿದ್ರು. ಸೆಮಿಫೈನಲ್ ದಿನ ಸಗರಕ್ಕ ಲಗ್ನಕ್ಕ ಹೋಗಿದ್ರು, ಗೆದ್ವಿ.”

ಸಭೆ ಚಪ್ಪಾಳೆ ತಟ್ಟಿತು.

ಆದಕಾರಣ ಫೈನಲ್ ದಿನ ತಾವು ಬೋನಾಳದ ಅಕ್ಕನ ಮನೆಗೆ ಹೋಗತಕ್ಕದ್ದು. ಅಲ್ಲಿ ಟಿ.ವಿ. ಇಲ್ಲವೆಂದು ವಿಚಾರಿಸಿದ್ದೇವೆ. ಟಿ.ವಿ. ಇರುವ ಅಂಗಡಿಯ ಕೀಲಿಯನ್ನೂ ಮೊಬೈಲನ್ನೂ ನನ್ನ ಕೈಗೆ ಕೊಟ್ಟು ಹೋಗಿರಿ. ಬೇಕಾದರೆ ಅಲ್ಲಿನ ಕೆರೆಯ ಹಕ್ಕಿಗಳನ್ನು ನೋಡಿರಿ. ಅವಕ್ಕೇನಾದರೂ ಆದರೆ ಬಳಗ ಜವಾಬ್ದಾರಿಯಲ್ಲ.

ನಮಗೆಲ್ಲ ಕಬಡ್ಡಿ ಕಲಿಸಿದವರು ನೀವು, ಮಂಡಿ ಮುರಿದುಕೊಂಡದ್ದೂ ನಮ್ಮೂರ ಟೀಮಿಗಾಗಿಯೇ. ಅದನ್ನು ನೆನೆದು ಸಭೆ ಒಂದು ನಿಮಿಷ ಮೌನ ಆಚರಿಸಿತು.

ನಿನ್ನೆ ವಿಷಯ ತಿಳಿಸಿದಾಗ ನೀವು, “ಮಲ್ಲು, ಗ್ವಾಡಿ ಕಡಿ ಮಾರಿ ಮಾಡಿ ಕುಂದರ್ತೀನೋ, ಬರೇ ಕಾಮೆಂಟ್ರಿ ಕೇಳ್ತೀನಿ” ಎಂದಿರಿ. ಗೋಡೆಗೆ ಮುಖ ಮಾಡಿ ಕೂರುವ ಆ ಅರ್ಜಿ ತಿರಸ್ಕೃತವಾಗಿದೆ.

ಗೆದ್ದರೆ, ತಾವು ಇನ್ನು ಯಾವ ಪಂದ್ಯಕ್ಕೂ ಬರುವಂತಿಲ್ಲ. ಸೋತರೆ, ಬೋನಾಳದಲ್ಲಿ ಯಾರದೋ ಕಿಟಕಿಯಿಂದ ಇಣುಕಿದಿರೆಂದು ತಿಳಿಯುತ್ತೇವೆ.

ತಮ್ಮ ದೃಷ್ಟಿಗೆ ಬೀಳದಿರಲು ಬಯಸುವ,
ಮಲ್ಲು
ಬಳಗದ ಕಾರ್ಯದರ್ಶಿ